ಕೋಪನ್‌ಹೇಗನ್‌ನ ಸೇಂಟ್ ಆಲ್ಬನ್ಸ್ ಚರ್ಚಿನಲ್ಲಿ ದೀಕ್ಷಾಸ್ನಾನ: ಅಲ್ಲೇ ಮಾಡಿಸಲಾ, ಊರಿಗೆ ಹೋಗಲಾ?

ಮೈಸೂರಿನವಳು: ಕೆಲಸದ ಮೇಲೆ ಇಲ್ಲಿಗೆ ಬಂದು ಆರು ತಿಂಗಳಾಯಿತು. ನಾವು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದವರು; ಈ ಚರ್ಚು ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಚರ್ಚಿನ ಪರಂಪರೆಯದು. ಮಗಳಿಗೆ ಈಗ ನಾಲ್ಕು ತಿಂಗಳು. ಅನುಭವ ಇದ್ದವರು ದಯವಿಟ್ಟು ಹೇಳಿ.

ಮಂಡ್ಯದ ಅಮ್ಮ: ನಾವು ಅಲ್ಲೇ ಮಾಡಿಸಿದೆವು. ಚರ್ಚಿನ ಬಗ್ಗೆ ಚೂರೂ ಬೇಜಾರಿಲ್ಲ. ಹೊಟ್ಟೆ ಉರಿಯೋದು ಅಪ್ಪ-ಅಮ್ಮನ ವೀಸಾ ನೆನೆಸಿಕೊಂಡರೆ. ಏಜೆಂಟನೊಬ್ಬನಿಗೆ 18,000 ಕೊಟ್ಟೆ. ಅವನು ಅಪ್ಪನ ಪಾಸ್‌ಪೋರ್ಟ್ ನಂಬರಿನಲ್ಲಿ ಒಂದು ಅಂಕಿ ತಪ್ಪು ಬರೆದ. ಮತ್ತೆ ಫೀಸು, ಮತ್ತೆ ಬೆಂಗಳೂರಿಗೆ ಓಡಾಟ, ಟಿಕೆಟ್ ದಿನ ಬದಲಿಸಲು 31,400. ಕೊನೆಗೆ ಅಮ್ಮ ಒಬ್ಬರೇ ಬಂದರು. ಚರ್ಚಿನ ಪಕ್ಕದ ಗೆಫಿಯೋನ್ ಕಾರಂಜಿಯಲ್ಲಿ ನಾಲ್ಕು ಎತ್ತು ನೇಗಿಲು ಎಳೀತಾವಲ್ಲ, ಅದನ್ನು ನೋಡಿ ನಿಂತೇಬಿಟ್ಟರು. "ನಿಮ್ಮಪ್ಪ ನೋಡಬೇಕಿತ್ತು" ಅಂದರು. ಒಳಗಿನ ದೀಕ್ಷಾಸ್ನಾನದ ತೊಟ್ಟಿ ಇಂಗ್ಲೆಂಡಿನ ಡೌಲ್ಟನ್ ಕಂಪನಿ ಕೊಟ್ಟ ಸುಟ್ಟ ಮಣ್ಣಿನದು. ಅಮ್ಮ ಅದರ ಅಂಚನ್ನು ಬೆರಳಲ್ಲಿ ಸವರುತ್ತಲೇ ಇದ್ದರು.

ಉಡುಪಿ ಕಡೆಯವ: ನಾವು ಊರಿಗೇ ಹೋದೆವು. ಟಿಕೆಟ್ಟಿಗೆ 2,38,000. ದೋಹಾದಲ್ಲಿ ಒಂಬತ್ತು ಗಂಟೆ ಕಾದು ಮಗನಿಗೆ 103 ಜ್ವರ. ಮೂರು ದಿನ ಆಸ್ಪತ್ರೆ, 46,000. ದೀಕ್ಷಾಸ್ನಾನದ ಭಾನುವಾರ ಮುಂದಕ್ಕೆ ಹೋಯಿತು, ಬಿರಿಯಾನಿಗೆ ಕೊಟ್ಟ ಮುಂಗಡ 20,000 ವಾಪಸ್ ಬರಲೇ ಇಲ್ಲ. ಆದರೂ ಅಜ್ಜ ಮಗುವನ್ನು ಎತ್ತಿಕೊಂಡು ನಿಂತರು, ಅದು ಸಾಕು. ಕೋಪನ್‌ಹೇಗನ್‌ನ ಆ ಚರ್ಚು 1887ರಲ್ಲಿ ಇಂಗ್ಲಿಷರು ತಮಗೆ ಅಂತ ಕಟ್ಟಿಕೊಂಡದ್ದು. ಅಲ್ಲಿ ನಾವು ನೆಂಟರು.

ಮಂಡ್ಯದ ಅಮ್ಮ: ಯಾಕ್ರೀ ನೆಂಟರು? 1947ರಲ್ಲಿ ಆಂಗ್ಲಿಕನ್ನರು, ಮೆಥೊಡಿಸ್ಟರು ಎಲ್ಲ ಸೇರಿಯೇ ಸಿಎಸ್‌ಐ ಆದದ್ದು. ಹತ್ತು ವರ್ಷದಿಂದ ಅಲ್ಲಿ ಮಂಡಿಯೂರಿದ್ದೀನಿ.

ಉಡುಪಿ ಕಡೆಯವ: ನಿಮ್ಮ ಮೈಸೂರು ಸೀಮೆಗೆ ಬಂದದ್ದು ವೆಸ್ಲಿಯನ್ ಮಿಷನ್, ಅಂದರೆ ಮೆಥೊಡಿಸ್ಟರು. ನಮ್ಮ ಕರಾವಳಿಗೆ 1834ರಲ್ಲಿ ಬಂದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್. ನಮ್ಮನ್ನು ಸುಮ್ನೆ ಆಂಗ್ಲಿಕನ್ ಮಾಡಬೇಡಿ.

ಆರ್ಹುಸ್‌ನಲ್ಲಿರುವ ಹಾಸನದವನು: ಡೆನ್ಮಾರ್ಕಿಗೆಲ್ಲ ಇರೋದು ಇದೊಂದೇ ಆಂಗ್ಲಿಕನ್ ಚರ್ಚು. ನಾನು ಪ್ರತಿ ಹಬ್ಬಕ್ಕೂ ಕಾರಿನಲ್ಲಿ ಹೋಗ್ತೀನಿ. ಸ್ಟೋರೆಬೆಲ್ಟ್ ಸೇತುವೆಯ ಟೋಲು, ಪೆಟ್ರೋಲು ಸೇರಿ 900 ಕ್ರೋನರ್ ಮೇಲೇ ಆಗುತ್ತೆ. ಬರೀ ಇಂಗ್ಲಿಷರದ್ದು ಅನ್ನೋದು ತಪ್ಪು. ನಕ್ಷೆ ಆರ್ಥರ್ ಬ್ಲೂಮ್‌ಫೀಲ್ಡ್ ಅವರದು, ಸರಿ. ಗೋಡೆಯ ಚಕಮಕಿ ಕಲ್ಲು ಇಲ್ಲಿನ ಸ್ಟೆವ್ನ್ಸ್ ಕಡೆಯದು. ಬೆನ್ನಿಗೆ ನಿಂತ ಅಲೆಕ್ಸಾಂಡ್ರಾ, ಆಗಿನ ಬ್ರಿಟಿಷ್ ಯುವರಾಜನ ಹೆಂಡತಿ, ಡೆನ್ಮಾರ್ಕಿನ ರಾಜನ ಮಗಳು.

ಉಡುಪಿ ಕಡೆಯವ: ಕಲ್ಲಿನ ಮಾತು ಬಿಡಿ. ಪ್ರಾರ್ಥನೆ ಯಾವ ಭಾಷೆಯಲ್ಲಿ?

ಮಂಡ್ಯದ ಅಮ್ಮ: ನನ್ನಮ್ಮ ಆ ತೊಟ್ಟಿಯ ಮುಂದೆ ಕನ್ನಡದಲ್ಲೇ "ಪರಲೋಕದಲ್ಲಿರುವ ನಮ್ಮ ತಂದೆಯೇ" ಹೇಳಿದರು. ಯಾರೂ ತಡೆಯಲಿಲ್ಲ.

ಉಡುಪಿ ಕಡೆಯವ: ನಮ್ಮಲ್ಲಿ ಇಡೀ ಸಭೆ ಎದ್ದು ನಿಂತು ಹೇಳಿತು.