ಸಿಗ್ನಲ್ ಕಡ್ಡಿ ಐದೂ ಇದೆ, ಆದರೂ ಆಫೀಸಿನ ಸಿಮ್ ರೂಟರ್ ಎಳೆದಾಡುತ್ತಿದೆ. ಆಂಟೆನಾ ಹಾಕಿಸಬೇಕಾ?

ಸವಿತಾ_ಅಕೌಂಟ್ಸ್
ನಮ್ಮದು ಹದಿನೈದು ಜನರ ಆಫೀಸು. ಫೈಬರ್ ಲೈನ್ ಬರುವುದು ತಡ ಎಂದರು. ಅದಕ್ಕೆ ಸಿಮ್ ಹಾಕುವ 4ಜಿ ರೂಟರ್ ಕೂರಿಸಿಕೊಂಡಿದ್ದೇವೆ. ಸದ್ಯಕ್ಕೆ ಎಲ್ಲ ಕೆಲಸಕ್ಕೂ ಇದೇ ಇಂಟರ್ನೆಟ್.

ಬೆಳಿಗ್ಗೆ ಚೆನ್ನಾಗಿರುತ್ತದೆ. ಹನ್ನೊಂದು ಗಂಟೆ ದಾಟಿದರೆ ಸ್ಪೀಡ್ ಬಿದ್ದುಹೋಗುತ್ತದೆ, ಕಡ್ಡಿ ಮಾತ್ರ ಐದೂ ಹಾಗೇ ಇರುತ್ತದೆ. ಇನ್ನೊಂದು ವಿಚಿತ್ರ: ಹೆಡ್ ಆಫೀಸಿನ ಕಂಪ್ಯೂಟರುಗಳಿಗೆ ಗುಟ್ಟಾಗಿ ಸೇರಿಸುವ ವಿಪಿಎನ್ ಕನೆಕ್ಟ್ ಆಗುತ್ತದೆ, ಲಾಗಿನ್ ಪುಟವೂ ಬರುತ್ತದೆ, ಬಿಲ್ಲುಗಳ ಪಟ್ಟಿ ತೆರೆದರೆ ಸುತ್ತುತ್ತಲೇ ಇರುತ್ತದೆ. ಇದು ಬೆಳಿಗ್ಗೆಯೂ ಹೀಗೆ. ಜೊತೆಗೆ, ಆಫೀಸಿನ ಕ್ಯಾಮೆರಾವನ್ನು ಹೊರಗಿನಿಂದ ನೋಡಲು ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದ್ದೇವೆ (ಹೊರಗಿನವರು ಒಳಬರಲು ಬಾಗಿಲು ತೆರೆಯುವುದು), ಏನೂ ಕಾಣಿಸುವುದಿಲ್ಲ.

ರೂಟರ್ ಕೂರಿಸಿದವರು ತಾರಸಿ ಮೇಲೆ ಆಂಟೆನಾ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಹಾಕಿಸಲಾ?

ಕೇಬಲ್_ಕುಮಾರ
ಹಾಕಿಸಿ ಮೇಡಂ. ನಾನು ಇದೇ ಕೆಲಸದಲ್ಲಿರುವವನು. ರೂಟರ್ ಒಳಗಿನ ಪುಟ್ಟ ಆಂಟೆನಾ ಗೋಡೆ, ಕಬ್ಬಿಣ, ಗಾಜು ಎಲ್ಲ ದಾಟಿ ಬಂದ ಸಿಗ್ನಲ್ ಹಿಡಿಯಬೇಕು. ಹೊರಗೆ ಒಳ್ಳೆಯ ಆಂಟೆನಾ ಇದ್ದರೆ ರೂಟರಿಗೆ ಅರ್ಧ ಕೆಲಸ ಕಮ್ಮಿ.

ಮಂಜು_ನೆಟ್
ಕುಮಾರ್ ಅಣ್ಣಾ, ಸ್ವಲ್ಪ ತಡೀರಿ. ಅವರು ಹೇಳಿದ್ದರಲ್ಲಿ ಕೊನೆಯ ಎರಡು ತೊಂದರೆಗೂ ಸಿಗ್ನಲ್ಲಿಗೂ ಸಂಬಂಧವೇ ಇರುವ ಹಾಗೆ ಕಾಣುತ್ತಿಲ್ಲ. ಆಂಟೆನಾ ಹಾಕಿಸಿ, ಆಮೇಲೂ ಬಿಲ್ಲಿನ ಪಟ್ಟಿ ಸುತ್ತುತ್ತಿದ್ದರೆ ಯಾರನ್ನು ಕೇಳುವುದು?

ಸವಿತಾ ಮೇಡಂ, ಕಡ್ಡಿಯನ್ನು ಮರೆತುಬಿಡಿ. ಎಷ್ಟು ಬಲಕ್ಕೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲರಿಗೂ ಒಂದೇ ಲೆಕ್ಕ ಇಲ್ಲ, ಒಂದೊಂದು ಕಂಪನಿ ಒಂದೊಂದು ಥರ ತೋರಿಸುತ್ತದೆ. ರೂಟರಿನ ಸ್ಟೇಟಸ್ ಪುಟ ತೆಗೆದು ಆರ್‌ಎಸ್‌ಆರ್‌ಪಿ, ಆರ್‌ಎಸ್‌ಆರ್‌ಕ್ಯೂ, ಎಸ್‌ಐಎನ್‌ಆರ್ ಎಂಬ ಮೂರು ಅಂಕಿ ಬರೆದುಕೊಳ್ಳಿ. ಬ್ಯಾಂಡ್ (ಸಿಗ್ನಲ್ ಬರುವ ರೇಡಿಯೋ ಪಟ್ಟಿ) ನಂಬರ್ ಮತ್ತು ವ್ಯಾನ್ ಐಪಿ ಅಡ್ರೆಸ್ಸೂ (ಸಿಮ್ ಕಂಪನಿ ರೂಟರಿಗೆ ಕೊಟ್ಟ ವಿಳಾಸ) ಬೇಕು. ಬೆಳಿಗ್ಗೆ ಒಂದು ಸಲ, ಸ್ಪೀಡ್ ಬಿದ್ದಾಗ ಇನ್ನೊಂದು ಸಲ ನೋಡಿ. ರೂಟರ್ ಎಲ್ಲಿಟ್ಟಿದ್ದೀರಿ ಅಂತಲೂ ಹೇಳಿ.

ಗಿರಿಜಾ_ಆಪರೇಷನ್ಸ್
ನನ್ನ ಪ್ರಶ್ನೆ ಬೇರೆ. ಹದಿನೈದು ಜನ ಕೆಲಸ ಮಾಡುವ ಕಡೆ ಸಿಮ್ ರೂಟರನ್ನೇ ಮುಖ್ಯ ಲೈನ್ ಮಾಡಿಕೊಂಡಿದ್ದೇ ಸರಿಯಲ್ಲ. ನಮ್ಮ ಶಾಖೆಗಳಲ್ಲಿ ಇದನ್ನು ಬ್ಯಾಕಪ್ಪಿಗೆ ಮಾತ್ರ ಇಟ್ಟಿದ್ದೇವೆ. ಒಂದು ಟವರಿನ ಸಾಮರ್ಥ್ಯವನ್ನು ಸುತ್ತಲಿನ ಎಲ್ಲ ಮೊಬೈಲುಗಳೂ ಹಂಚಿಕೊಳ್ಳುತ್ತವೆ. ನಿಮ್ಮ ಪಾಲು ಎಷ್ಟು ಎಂದು ಯಾರೂ ಮಾತು ಕೊಡುವುದಿಲ್ಲ.

ಪ್ರವೀಣ್_ಸೈಟ್
ಗಿರಿಜಾ ಅಕ್ಕಾ, ಕಟ್ಟಡ ಕೆಲಸದ ಸೈಟುಗಳಲ್ಲಿ ನಮಗೆ ತಂತಿ ಲೈನ್ ಬರುವುದೇ ಇಲ್ಲ. ನಕ್ಷೆ ಇಳಿಸುವುದು, ಹಾಜರಿ, ಬಿಲ್ಲು, ವಿಡಿಯೋ ಮೀಟಿಂಗ್ ಎಲ್ಲ ಸಿಮ್ ಮೇಲೆಯೇ. ಸರಿಯಾಗಿ ಕೂರಿಸಿದರೆ ನಡೆಯುತ್ತದೆ. ತಂತಿ ಬರುವವರೆಗೆ ಅಂಗಡಿ ಮುಚ್ಚಿ ಕೂರಲು ಆಗುವುದಿಲ್ಲ ಅಲ್ವಾ?

ಸವಿತಾ_ಅಕೌಂಟ್ಸ್
ರೂಟರ್ ಇರುವುದು ಕಬ್ಬಿಣದ ರ್‍ಯಾಕ್ ಒಳಗೆ, ಬಾಗಿಲಿಗೆ ಬೀಗ. ಅಂಕಿಗಳು ಹೀಗಿವೆ.

ಬೆಳಿಗ್ಗೆ: ಆರ್‌ಎಸ್‌ಆರ್‌ಪಿ ಮೈನಸ್ 84, ಆರ್‌ಎಸ್‌ಆರ್‌ಕ್ಯೂ ಮೈನಸ್ 10, ಎಸ್‌ಐಎನ್‌ಆರ್ 9.
ಮಧ್ಯಾಹ್ನ: ಆರ್‌ಎಸ್‌ಆರ್‌ಪಿ ಮೈನಸ್ 84, ಆರ್‌ಎಸ್‌ಆರ್‌ಕ್ಯೂ ಮೈನಸ್ 15, ಎಸ್‌ಐಎನ್‌ಆರ್ 2.

ಎರಡೂ ಹೊತ್ತು ಬ್ಯಾಂಡ್ 40. ಐಪಿ 100.92 ಎಂದು ಶುರುವಾಗುತ್ತದೆ. ನನಗೆ ಇದೇನೂ ಅರ್ಥವಾಗಲಿಲ್ಲ, ನೋಡಿದ್ದನ್ನು ಬರೆದಿದ್ದೇನೆ.

ಮಂಜು_ನೆಟ್
ಇದಕ್ಕಿಂತ ಚೆನ್ನಾಗಿ ಬರೆಯಲು ಆಗುವುದಿಲ್ಲ ಮೇಡಂ. ಎಲ್ಲ ಇದರಲ್ಲೇ ಇದೆ.

ಆರ್‌ಎಸ್‌ಆರ್‌ಪಿ ಅಂದರೆ ಟವರಿನ ಸಿಗ್ನಲ್ ಎಷ್ಟು ಬಲವಾಗಿ ತಲುಪುತ್ತಿದೆ ಎಂಬುದು. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 84 ಚೆನ್ನಾಗಿಯೇ ಇದೆ. ಮೈನಸ್ 110ರ ಹತ್ತಿರ ಹೋದರೆ ಪರದಾಟ. ಎಸ್‌ಐಎನ್‌ಆರ್ ಹೇಳುವುದು ಬೇರೆಯದನ್ನು: ನಮಗೆ ಬೇಕಾದ ಸಿಗ್ನಲ್, ಸುತ್ತಲಿನ ಗದ್ದಲಕ್ಕಿಂತ ಎಷ್ಟು ಮೇಲಿದೆ ಅಂತ. 20 ಇದ್ದರೆ ಬಹಳ ಚೆಂದ, 10ರ ಮೇಲೆ ಕೆಲಸ ನಡೆಯುತ್ತದೆ, ಸೊನ್ನೆಯ ಹತ್ತಿರ ಬಂದರೆ ಒದ್ದಾಟ. ಆರ್‌ಎಸ್‌ಆರ್‌ಕ್ಯೂ ಸಿಗ್ನಲ್ಲಿನ ಗುಣಮಟ್ಟ, ಅದೂ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಸಂತೆಯಲ್ಲಿ ಪಕ್ಕದವರು ಜೋರಾಗಿಯೇ ಮಾತಾಡಿದರೂ ಗಲಾಟೆಯಲ್ಲಿ ಒಂದು ಪದವೂ ಕೇಳಿಸುವುದಿಲ್ಲವಲ್ಲ, ನಿಮ್ಮ ಮಧ್ಯಾಹ್ನದ ಸ್ಥಿತಿ ಅದು. ಬಲ ಒಂಚೂರೂ ಕುಗ್ಗಿಲ್ಲ, ಗದ್ದಲ ಜಾಸ್ತಿಯಾಗಿದೆ. ಅಕ್ಕಪಕ್ಕದ ಟವರುಗಳಲ್ಲಿ ಬಳಕೆ ಏರುವ ಹೊತ್ತಿಗೆ ಹೀಗಾಗುತ್ತದೆ. ನಿಮ್ಮ ಟವರಿನಲ್ಲೂ ಜನ ತುಂಬಿರಬಹುದು.

ಬಲ ಸಾಲದೆ ಇದ್ದಿದ್ದರೆ ಕುಮಾರ್ ಅಣ್ಣ ಹೇಳಿದ್ದೇ ಮದ್ದು. ಇಲ್ಲಿ ಬಲಕ್ಕೆ ಕೊರತೆಯಿಲ್ಲ.

ಕೇಬಲ್_ಕುಮಾರ
ಮಂಜು, ನಿಮ್ಮ ಲೆಕ್ಕದಿಂದಲೇ ನನ್ನ ಮಾತು ಗಟ್ಟಿಯಾಯಿತು ನೋಡಿ. ಆಂಟೆನಾ ಅಂದರೆ ಬಲ ಹೆಚ್ಚಿಸುವುದಷ್ಟೇ ಅಲ್ಲ. ಒಂದೇ ದಿಕ್ಕಿಗೆ ನೋಡುವ ಆಂಟೆನಾ ಹಾಕಿದರೆ ಬೇಕಾದ ಟವರ್ ಒಂದನ್ನೇ ಕೇಳುತ್ತದೆ, ಬದಿಯಿಂದ ಹಿಂದಿನಿಂದ ಬರುವ ಟವರುಗಳನ್ನು ತಗ್ಗಿಸುತ್ತದೆ. ಗದ್ದಲ ಕಮ್ಮಿಯಾದರೆ ಎಸ್‌ಐಎನ್‌ಆರ್ ತಾನಾಗಿ ಏರುತ್ತದೆ. ಎಲ್ಲ ದಿಕ್ಕಿನಿಂದಲೂ ಎಳೆದುಕೊಳ್ಳುವ ಕೋಲಿನಂಥ ಆಂಟೆನಾ ಹಾಕಿದರೆ ಮಾತ್ರ ಸಿಗ್ನಲ್ ಜೊತೆ ಗದ್ದಲವೂ ದೊಡ್ಡದಾಗುತ್ತದೆ. ಬಹಳ ಜನ ಅದನ್ನೇ ಹಾಕಿಸಿ ಆಂಟೆನಾಗೆ ಬೈಯುತ್ತಾರೆ.

ಮಂಜು_ನೆಟ್
ಈ ಮಾತು ಪೂರ್ತಿ ಒಪ್ಪುತ್ತೇನೆ ಅಣ್ಣಾ. ಆದರೆ ಟವರೇ ತುಂಬಿದ್ದರೆ ಯಾವ ಆಂಟೆನಾ ಹಾಕಿದರೂ ಪಾಲು ಅಷ್ಟೇ. ಅದು ತಿಳಿಯುವ ಮೊದಲು ತಾರಸಿಗೆ ಡ್ರಿಲ್ ಹಾಕುವುದು ಬೇಡ. ಖರ್ಚಿಲ್ಲದ ಎರಡು ಕೆಲಸ ಮೊದಲು ಮಾಡೋಣ. ರೂಟರನ್ನು ಆ ಕಬ್ಬಿಣದ ರ್‍ಯಾಕಿನಿಂದ ಆಚೆ ತನ್ನಿ. ಒಂದೊಂದು ಕಿಟಕಿಯ ಹತ್ತಿರ ಇಟ್ಟು ಒಂದೆರಡು ನಿಮಿಷ ಬಿಟ್ಟು ಎಸ್‌ಐಎನ್‌ಆರ್ ನೋಡಿ. ಎರಡನೆಯದು, ಸೆಟ್ಟಿಂಗಿನಲ್ಲಿ ಬ್ಯಾಂಡ್ ಆಯ್ಕೆ ಇದ್ದರೆ 40 ಬಿಟ್ಟು ಬ್ಯಾಂಡ್ 3 ಹಾಕಿ ನೋಡಿ. 40 ಅಂದರೆ 2300 ಮೆಗಾಹರ್ಟ್ಸ್, 3 ಅಂದರೆ 1800. ಬಲ ಕಮ್ಮಿ ತೋರಿಸಬಹುದು, ಗಾಬರಿ ಬೇಡ. ಎಸ್‌ಐಎನ್‌ಆರ್ ಮತ್ತು ಸ್ಪೀಡ್ ಮಾತ್ರ ನೋಡಿ. ಮಧ್ಯಾಹ್ನವೇ ಮಾಡಿ, ಬೆಳಿಗ್ಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಪ್ರವೀಣ್_ಸೈಟ್
ಕ್ಯಾಮೆರಾ ವಿಷಯ ನಾನು ಹೇಳುತ್ತೇನೆ. 100.64ರಿಂದ 100.127ರವರೆಗಿನ ಐಪಿಗಳು ಹೊರಗಿನ ಇಂಟರ್ನೆಟ್ಟಿನಲ್ಲಿ ಕಾಣುವ ವಿಳಾಸಗಳಲ್ಲ. ಒಂದೇ ಸಾರ್ವಜನಿಕ ಐಪಿಯನ್ನು ನೂರಾರು ಗ್ರಾಹಕರಿಗೆ ಹಂಚಲು ಇಂಟರ್ನೆಟ್ ಕಂಪನಿಗಳಿಗೆಂದೇ 2012ರಲ್ಲಿ ತೆಗೆದಿಟ್ಟ ಸಾಲು ಅದು, ಸಿಜಿನ್ಯಾಟ್ ಎನ್ನುತ್ತಾರೆ. ನಿಮ್ಮ ರೂಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ಹೊರಗಿನವರು ಅದರ ಬಾಗಿಲವರೆಗೆ ಬರುವುದೇ ಇಲ್ಲ. ಕಂಪನಿಯಿಂದ ಬಿಸಿನೆಸ್ ಸಿಮ್ ತೆಗೆದುಕೊಂಡು ಸ್ಥಿರ ಪಬ್ಲಿಕ್ ಐಪಿ ಕೇಳಿ. ಅದಕ್ಕೆ ಸಾಮಾನ್ಯವಾಗಿ ಬೇರೆ ಎಪಿಎನ್ (ಸಿಮ್ ಇಂಟರ್ನೆಟ್ಟಿಗೆ ಸೇರುವ ದಾರಿಯ ಹೆಸರು) ಕೊಡುತ್ತಾರೆ, ಅದನ್ನು ಅಕ್ಷರ ತಪ್ಪದೆ ಹಾಕಬೇಕು. ಹಳೇ ಎಪಿಎನ್ ಬಿಟ್ಟರೆ ಸಿಮ್ ನೆಟ್‌ವರ್ಕಿಗೆ ಸೇರಿದ ಹಾಗೆ ತೋರಿಸುತ್ತದೆ, ಇಂಟರ್ನೆಟ್ ಬರದೇ ಇರಬಹುದು, ಬಂದರೂ ಹಳೇ ಐಪಿಯೇ ಸಿಗಬಹುದು.

ಮಂಜು_ನೆಟ್
ಪಬ್ಲಿಕ್ ಐಪಿ ನನಗೆ ಒಪ್ಪಿಗೆಯಿಲ್ಲ ಪ್ರವೀಣ್. ಕ್ಯಾಮೆರಾವನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡುವುದು ಅಪಾಯ. ಪಬ್ಲಿಕ್ ಐಪಿ ಬಂದ ಕ್ಷಣದಿಂದ ಯಾರ್‍ಯಾರೋ ಬಂದು ಬಾಗಿಲು ತಟ್ಟುತ್ತಲೇ ಇರುತ್ತಾರೆ, ಮಿತಿ ಇರುವ ಪ್ಲಾನ್ ಆದರೆ ಆ ಕಸವೂ ಡೇಟಾ ತಿನ್ನುತ್ತದೆ. ಸವಿತಾ ಮೇಡಂ ಅವರಿಗೆ ಹೇಗೂ ಹೆಡ್ ಆಫೀಸ್ ವಿಪಿಎನ್ ಇದೆ. ಆಫೀಸಿನ ರೂಟರೇ ಒಳಗಿನಿಂದ ಹೆಡ್ ಆಫೀಸಿಗೆ ಸುರಂಗ (ವಿಪಿಎನ್ ದಾರಿ) ಹಾಕಲಿ, ಕ್ಯಾಮೆರಾ ಅದರೊಳಗೆ ನೋಡಿ. ನಿಮ್ಮ ವಿಪಿಎನ್ ವೈರ್‌ಗಾರ್ಡ್ ಎಂಬ ಥರದ್ದಾದರೆ ಕೀಪ್‌ಅಲೈವ್ 25 ಸೆಕೆಂಡ್ ಇಡಿ, ಅಂದರೆ ಅಷ್ಟು ಹೊತ್ತಿಗೊಮ್ಮೆ ಸಣ್ಣ ಪ್ಯಾಕೆಟ್ ಕಳಿಸಿ ದಾರಿ ತೆರೆದಿಡುವುದು. ಇಲ್ಲದಿದ್ದರೆ ಸುಮ್ನಿದ್ದಾಗ ಸಿಜಿನ್ಯಾಟ್ ದಾರಿ ಮುಚ್ಚಿಬಿಡುತ್ತದೆ, ಹೊರಗಿನಿಂದ ತಲುಪಲು ಆಗುವುದಿಲ್ಲ.

ಪ್ರವೀಣ್_ಸೈಟ್
ಹೆಡ್ ಆಫೀಸ್ ಇರುವವರಿಗೆ ಇದು ಸರಿ. ಒಂದೇ ಆಫೀಸ್ ಇರುವ ಸಣ್ಣವರಿಗೆ ಸುರಂಗದ ಇನ್ನೊಂದು ತುದಿ ಎಲ್ಲಿಂದ ತರುವುದು? ಅವರಿಗೆ ಪಬ್ಲಿಕ್ ಐಪಿ ಸುಲಭ. ಫೈರ್‌ವಾಲ್ ಬಿಗಿಯಾಗಿ ಇಟ್ಟು ವಿಪಿಎನ್ ಪೋರ್ಟ್ ಒಂದನ್ನೇ ತೆರೆದರೆ ಸಾಕು ಎನ್ನುವುದು ನನ್ನ ಅಭಿಪ್ರಾಯ, ಅದನ್ನು ಬಿಡುವುದಿಲ್ಲ.

ಸವಿತಾ_ಅಕೌಂಟ್ಸ್
ರ್‍ಯಾಕಿನಿಂದ ತೆಗೆದು ಪೂರ್ವದ ಕಿಟಕಿಗೆ ಇಟ್ಟೆವು. ಮಧ್ಯಾಹ್ನ ಆರ್‌ಎಸ್‌ಆರ್‌ಪಿ ಮೈನಸ್ 73ಕ್ಕೆ ಬಂತು, ಎಸ್‌ಐಎನ್‌ಆರ್ 4. ಸ್ಪೀಡ್ ಹೆಚ್ಚು ಕಮ್ಮಿ ಅಷ್ಟೇ. ಆಮೇಲೆ ಬ್ಯಾಂಡ್ 3 ಹಾಕಿದೆವು. ಕಡ್ಡಿ ಮೂರಕ್ಕೆ ಇಳಿಯಿತು, ಆರ್‌ಎಸ್‌ಆರ್‌ಪಿ ಮೈನಸ್ 96, ಎಸ್‌ಐಎನ್‌ಆರ್ 14. ಸ್ಪೀಡ್ 4 ಎಂಬಿಪಿಎಸ್ ಇದ್ದದ್ದು 27 ಆಯಿತು! ಕಡ್ಡಿ ಕಮ್ಮಿಯಾಗಿ ಸ್ಪೀಡ್ ಜಾಸ್ತಿ. ನಮ್ಮ ಹುಡುಗರು ನಂಬುತ್ತಲೇ ಇಲ್ಲ.

ಬಿಲ್ಲಿನ ಪಟ್ಟಿ ಮಾತ್ರ ಇನ್ನೂ ಸುತ್ತುತ್ತಿದೆ.

ಮಂಜು_ನೆಟ್
ಬಹಳ ಖುಷಿಯಾಯಿತು ಮೇಡಂ. ಈಗ ಪಟ್ಟಿಗೆ ಬರೋಣ. ಲಾಗಿನ್ ಪುಟ ಚಿಕ್ಕದು, ಸಣ್ಣ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಪಟ್ಟಿ ದೊಡ್ಡದು, ಪ್ಯಾಕೆಟ್ ತುಂಬಾ ತುಂಬಿಕೊಂಡು ಬರುತ್ತದೆ. ದಾರಿಯಲ್ಲಿ ಅಷ್ಟು ಗಾತ್ರ ಹಿಡಿಸದೆ ಬಿದ್ದುಹೋಗುತ್ತಿದೆ ಎಂದು ನನ್ನ ಗುಮಾನಿ. ಎಂಟಿಯು ತೊಂದರೆ, ಅಂದರೆ ದಾರಿಯಲ್ಲಿ ಒಡೆಯದೆ ಹಿಡಿಸುವ ಅತಿ ದೊಡ್ಡ ಪ್ಯಾಕೆಟ್ಟಿನ ಗಾತ್ರದ ತೊಂದರೆ.

ವಿಪಿಎನ್ ಆಫ್ ಮಾಡಿ, ವಿಂಡೋಸ್ ಕಮಾಂಡ್ ಪರದೆಯಲ್ಲಿ 8.8.8.8ಗೆ (ಗೂಗಲ್ಲಿನ ಸರ್ವರ್) ಪಿಂಗ್ ಮಾಡಿ, ಅಂದರೆ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದೆಯೇ ನೋಡಿ, ‘-ಎಫ್ -ಎಲ್ 1472’ ಸೇರಿಸಿ. ಅಕ್ಷರ ಇಂಗ್ಲಿಷಿನಲ್ಲೇ ಹೊಡೆಯಬೇಕು. ಎಫ್ ಅಂದರೆ ಪ್ಯಾಕೆಟ್ ಒಡೆಯಬೇಡ, ಎಲ್ ಅಂದರೆ ಗಾತ್ರ. ಉತ್ತರ ಬರದಿದ್ದರೆ ಹತ್ತತ್ತು ಇಳಿಸುತ್ತಾ ಬನ್ನಿ. ಉತ್ತರ ಬಂದ ಗಾತ್ರಕ್ಕೆ 28 ಕೂಡಿಸಿದರೆ ನಿಮ್ಮ ದಾರಿಯ ಎಂಟಿಯು.

ಸವಿತಾ_ಅಕೌಂಟ್ಸ್
1402ಕ್ಕೆ ಉತ್ತರವಿಲ್ಲ. 1400ಕ್ಕೆ ಬಂತು. ಅಂದರೆ 1428.

ಮಂಜು_ನೆಟ್
ಅಲ್ಲಿಗೆ ಸಿಕ್ಕಿತು. ವಿಪಿಎನ್ ತನ್ನ ಹೊದಿಕೆ ಸೇರಿಸುವುದರಿಂದ ಒಳಗಿನ ಗಾತ್ರ ಇನ್ನೂ ಚಿಕ್ಕದಿರಬೇಕು. ವೈರ್‌ಗಾರ್ಡ್ ಹೊದಿಕೆ ಐಪಿವಿ4ನಲ್ಲಿ 60 ಬೈಟ್, ಐಪಿವಿ6ನಲ್ಲಿ 80. ಅದರ ಮಾಮೂಲಿ ಎಂಟಿಯು 1420, ಅದು 1500ರ ದಾರಿಗೆ ಮಾಡಿದ ಲೆಕ್ಕ. 1428ರಲ್ಲಿ 80 ಕಳೆದು ಇನ್ನೂ ಸ್ವಲ್ಪ ಇಳಿಸಿ, ನಿಮ್ಮ ಸುರಂಗದ ಎಂಟಿಯು 1340 ಇಡಿ. ಬೇರೆ ಥರದ ವಿಪಿಎನ್ ಆದರೆ ಇನ್ನೂ ಸ್ವಲ್ಪ ಇಳಿಸಬೇಕಾಗಬಹುದು. ರೂಟರಿನಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಎಂಬ, ಪ್ಯಾಕೆಟ್ಟಿನ ಗಾತ್ರವನ್ನು ತಾನೇ ಮಿತಿಯಲ್ಲಿಡುವ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ.

ಸವಿತಾ_ಅಕೌಂಟ್ಸ್
ನಮ್ಮದು ವೈರ್‌ಗಾರ್ಡೇ. 1340 ಹಾಕಿದ ಕೂಡಲೇ ಪಟ್ಟಿ ತೆರೆಯಿತು. ಹಳೇ ವರ್ಷದ ದೊಡ್ಡ ಪಟ್ಟಿಯೂ ತೆರೆಯಿತು. ಮಂಜು ಸರ್, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಮ್ಮಿ. ಬ್ಯಾಂಡ್ 3ರಲ್ಲೇ ಲಾಕ್ ಮಾಡಿ ಬಿಟ್ಟುಬಿಡಲಾ?

ಕೇಬಲ್_ಕುಮಾರ
ಒಂದೇ ಬ್ಯಾಂಡಿಗೆ ಕಟ್ಟಬೇಡಿ ಮೇಡಂ. ಆ ಟವರಿನಲ್ಲಿ ರಿಪೇರಿ ಬಂದು 1800 ನಿಂತರೆ ರೂಟರ್ ಬೇರೆ ಕಡೆ ಹೋಗಲು ಆಗದೆ ಸತ್ತಂತೆ ಕೂರುತ್ತದೆ. ಜನ ಕಮ್ಮಿ ಇರುವ ರಾತ್ರಿ ಹೊತ್ತಿನಲ್ಲಿ ಕೆಲವು ಕಂಪನಿಗಳು ವಿದ್ಯುತ್ ಉಳಿಸಲು ಕೆಲವು ಬ್ಯಾಂಡ್ ಮಲಗಿಸುವುದೂ ಉಂಟು. 3ರ ಜೊತೆ ಕಮ್ಮಿ ಮೆಗಾಹರ್ಟ್ಸಿನ ಬ್ಯಾಂಡ್ ಒಂದನ್ನು, 5 ಅಥವಾ 8 ಯಾವುದು ಸಿಗುತ್ತದೋ ಅದನ್ನು ಬಿಟ್ಟಿರಿ.

ಆಂಟೆನಾ ವಿಷಯ ನಾನು ಈಗಲೂ ಹೇಳುತ್ತೇನೆ: ಬ್ಯಾಂಡ್ 3ರಲ್ಲಿ ಮೈನಸ್ 96 ಅಂದರೆ ಈಗ ಬಲಕ್ಕೂ ಜಾಗವಿದೆ. ಮುಂದೆ ಹಾಕಿಸುವುದಾದರೆ ಎರಡು ಕೇಬಲ್ ಇರುವ, ಒಂದೇ ದಿಕ್ಕಿಗೆ ನೋಡುವ ಆಂಟೆನಾ ಕೇಳಿ, ರೂಟರಿನ ಎರಡೂ ಕಿಂಡಿಗೆ ಸೇರಿಸಿ. ತಾರಸಿಯಿಂದ ತೆಳ್ಳನೆಯ ಆಂಟೆನಾ ಕೇಬಲ್ ಎಳೆಯಲು ಬಿಡಬೇಡಿ, ಹತ್ತು ಮೀಟರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಗ್ನಲ್ ಕೇಬಲ್ಲೇ ನುಂಗುತ್ತದೆ. ರೂಟರನ್ನೇ ಆಂಟೆನಾ ಹತ್ತಿರ ಇಟ್ಟು, ಅಲ್ಲಿಂದ ಲ್ಯಾನ್ ಕೇಬಲ್ ಕೆಳಗಿಳಿಸಿ. ಅದು ನೂರು ಮೀಟರ್‌ವರೆಗೆ ಚಿಂತೆಯಿಲ್ಲ.

ಗಿರಿಜಾ_ಆಪರೇಷನ್ಸ್
ಪ್ರವೀಣ್ ಹೇಳಿದ ಸೈಟಿನ ಕಷ್ಟ ಅರ್ಥವಾಗುತ್ತದೆ. ಆದರೂ ಫೈಬರ್ ಬಂದ ದಿನ ಇದನ್ನು ಬ್ಯಾಕಪ್ಪಿಗೆ ಇಳಿಸಿ ಸವಿತಾ. ಕಿತ್ತು ಪೆಟ್ಟಿಗೆಗೆ ಹಾಕಬೇಡಿ. ಬದಲಾವಣೆ ಆಗಬೇಕಾದ್ದು ಕೇಬಲ್ಲಿನ ಲೈಟ್ ನೋಡಿಕೊಂಡಲ್ಲ. ಲೈಟ್ ಉರಿಯುತ್ತಲೇ ಇರುತ್ತದೆ, ಆಚೆ ಇಂಟರ್ನೆಟ್ ಸತ್ತಿರುತ್ತದೆ. ರೂಟರ್ 8.8.8.8, 1.1.1.1 ಹೀಗೆ ಎರಡು ಬೇರೆ ಬೇರೆ ಕಡೆಗೆ ಪಿಂಗ್ ಮಾಡುತ್ತಿರಲಿ. ಎರಡೂ ಸೋತಾಗ ಮಾತ್ರ ಸಿಮ್ಮಿಗೆ ಹೋಗಲಿ. ಫೈಬರ್ ಕೆಲವು ನಿಮಿಷ ಗಟ್ಟಿಯಾಗಿ ನಿಂತ ಮೇಲೆ ವಾಪಸ್ ಬರಲಿ, ಇಲ್ಲದಿದ್ದರೆ ಆಚೆ ಈಚೆ ಜಿಗಿಯುತ್ತಲೇ ಇರುತ್ತದೆ. ಜಿಗಿದಾಗ ಐಪಿ ಬದಲಾಗಿ ಬ್ಯಾಂಕಿನ ಪುಟ ಲಾಗೌಟ್ ಮಾಡಬಹುದು, ಮಾತಾಡುತ್ತಿದ್ದ ಇಂಟರ್ನೆಟ್ ಕರೆ ಕಡಿಯಬಹುದು. ಪಾವತಿ ಮಾಡುವವರಿಗೆ ಇದನ್ನು ಮೊದಲೇ ಹೇಳಿಡಿ. ಸಿಮ್ಮಿನ ಮೇಲೆ ಇರುವಾಗ ವಿಂಡೋಸ್ ಅಪ್‌ಡೇಟ್, ಕ್ಯಾಮೆರಾ ಕ್ಲೌಡ್ ಅಪ್‌ಲೋಡ್ ಎರಡನ್ನೂ ತಡೆಯಿರಿ. ಆಮೇಲೆ, ಎರಡೂ ರೂಟರಿಗೆ ಯುಪಿಎಸ್ ಕೊಡಿ.

ಸವಿತಾ_ಅಕೌಂಟ್ಸ್
ಎಲ್ಲ ಬರೆದುಕೊಂಡೆ ಅಕ್ಕಾ. ಬ್ಯಾಂಡ್ 3 ಮತ್ತು 8 ಬಿಟ್ಟಿದ್ದೇವೆ, ಕ್ಯಾಮೆರಾಗೆ ಹೆಡ್ ಆಫೀಸಿನವರು ಸುರಂಗದೊಳಗೆ ದಾರಿ ಮಾಡಿಕೊಡುತ್ತಾರಂತೆ. ಆಂಟೆನಾ ಈಗ ಬೇಡ ಎಂದು ಕೂರಿಸಿದವರಿಗೆ ಹೇಳಿದೆ. ಬ್ಯಾಕಪ್ ಸರಿಯಾಗಿ ಬದಲಾಗುತ್ತದೆಯೇ ಎಂದು ಪರೀಕ್ಷೆ ಮಾಡುವುದು ಹೇಗೆ? ಫೈಬರ್ ರೂಟರ್ ಆಫ್ ಮಾಡಿದರೆ ಸಾಕಾ?

ಗಿರಿಜಾ_ಆಪರೇಷನ್ಸ್
ಸಾಲದು. ಆಫ್ ಮಾಡಿದರೆ ಲೈಟೂ ಹೋಗುತ್ತದೆ, ಅದು ಸುಲಭದ ಪರೀಕ್ಷೆ. ಫೈಬರ್ ಪೆಟ್ಟಿಗೆ ಆನ್ ಇರಲಿ, ಅದಕ್ಕೆ ಹೊರಗಿನಿಂದ ಬರುವ ಎಳೆ ಮಾತ್ರ ಕೀಳಿ. ಎಲ್ಲರೂ ಕೆಲಸ ಮಾಡುತ್ತಿರುವ ಹೊತ್ತಿನಲ್ಲೇ, ಹೇಳಿಟ್ಟು ಮಾಡಿ.