ಜೋಳದ ದಂಟಿಗೆ ಬೆಂಕಿ ಹಾಕೋದಾ, ಉಳೋದಾ, ಹಾಗೇ ಬಿಡೋದಾ?

ಪ್ರಶ್ನೆ (ಗೌರಿಬಿದನೂರು ಕಡೆಯ ರೈತರು):
ಮೇಡಂ, ನಮಸ್ಕಾರ. ನಮ್ಮದು ಮೂರು ಎಕರೆ ಕೆಂಪು ಮಣ್ಣು, ಮಳೆ ಆಶ್ರಯ. ಒಂದು ವರ್ಷ ಮುಸುಕಿನ ಜೋಳ, ಒಂದು ವರ್ಷ ರಾಗಿ. ತೆನೆ ಮುರಿದ ಮೇಲೆ ದಂಟಿಗೆ ಬೆಂಕಿ ಹಾಕಿ, ಎರಡು ಸಲ ರೋಟವೇಟರ್ ಹೊಡೆಸೋದು ರೂಢಿ. ಪಂಜಾಬಿನಲ್ಲಿ ಉಳದೇ ಗೋಧಿ ಬಿತ್ತುವ ವಿಡಿಯೊ ನೋಡಿದೆ. ಹುಲ್ಲು ಹೊಲದಲ್ಲೇ ಇದೆ, ಅದರ ಮಧ್ಯೆ ಮೆಷಿನ್ ಬಿತ್ತುತ್ತಾ ಹೋಗುತ್ತದೆ. ಡೀಸೆಲ್ ಉಳಿಯುತ್ತೆ, ಮಣ್ಣೂ ಚೆನ್ನಾಗಾಗುತ್ತೆ ಅಂತಾರೆ. ನಮ್ಮ ರಾಗಿಗೂ ಹಾಗೇ ಮಾಡಬಹುದಾ? ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇ. 0.32 ಬಂದಿದೆ.

ಉತ್ತರ:
ನಮಸ್ಕಾರ ಅಣ್ಣ. ಬೆಂಕಿ ಈ ವರ್ಷವೇ ನಿಲ್ಲಿಸಿ. ರೋಟವೇಟರ್ ಕಮ್ಮಿ ಮಾಡಿ. ಆದರೆ ಉಳುಮೆಯನ್ನು ಪೂರ್ತಿ ಬಿಡೋಕೆ ಹೋಗಬೇಡಿ, ಈಗಲೇ ಅಂತೂ ಬೇಡ.

ಆ ಗೋಧಿ ಹೊಲದ ಕಷ್ಟವೇ ಬೇರೆ. ಪಂಜಾಬ್, ಹರಿಯಾಣದಲ್ಲಿ ಭತ್ತ ಕೊಯ್ದ ಎರಡು ಮೂರು ವಾರದೊಳಗೆ ಗೋಧಿ ಬಿತ್ತಬೇಕು. ನವೆಂಬರ್ ಮಧ್ಯ ದಾಟಿದರೆ ಕಾಳು ಕಟ್ಟುವ ಹೊತ್ತಿಗೆ ಬಿಸಿಲು ಬಂದು ಇಳುವರಿ ಬೀಳುತ್ತದೆ. ಹುಲ್ಲು ಸುಡುವುದು ಈ ಆತುರಕ್ಕೇ. ಹ್ಯಾಪಿ ಸೀಡರ್ ಯಂತ್ರ ಹುಲ್ಲನ್ನು ಕತ್ತರಿಸಿ, ಬೀಜ ಊರಿ, ಅದೇ ಹುಲ್ಲನ್ನು ಹೊಲಕ್ಕೆ ಹೊದಿಸುತ್ತದೆ. ಉಳುಮೆಯ ದಿನಗಳು ಉಳಿಯುತ್ತವೆ, ತೇವ ಉಳಿಯುತ್ತದೆ, ಕಳೆಯೂ ಕಮ್ಮಿ. ಅಲ್ಲಿ ನೀರಾವರಿ ಇದೆ. ಹೊದಿಸೋಕೆ ಎಕರೆಗೆ ಎರಡು ಟನ್‌ಗಿಂತ ಜಾಸ್ತಿ ಹುಲ್ಲೂ ಇದೆ.

ಇನ್ನೊಂದು ವಿಷಯ, ಬೀಜ. ಸಾವಿರ ಗೋಧಿ ಕಾಳು ಸುಮಾರು 40 ಗ್ರಾಂ ತೂಗುತ್ತದೆ. ಸಾವಿರ ರಾಗಿ ಕಾಳು 3 ಗ್ರಾಂ ತೂಗಿದರೆ ಹೆಚ್ಚು. ನಮ್ಮ ಕೆಂಪು ಮಣ್ಣು ಒಂದು ಬಿರುಸು ಮಳೆ ಬಿದ್ದು ಒಣಗಿದರೆ ಹಕ್ಕಳೆ ಕಟ್ಟುತ್ತದೆ, ಅಲ್ವಾ? ಅದನ್ನು ಒಡೆದು ಮೇಲೆ ಬರುವಷ್ಟು ಶಕ್ತಿ ರಾಗಿ ಮೊಳಕೆಗೆ ಇಲ್ಲ. ನಮ್ಮ ಮನೆ ಹೊಲದಲ್ಲಿ ಒಂದು ವರ್ಷ ಬರಿ ನೆಲಕ್ಕೆ ಉಳದೇ ರಾಗಿ ಬಿತ್ತಿಸಿದ್ದೆ. ಹೊದಿಕೆ ಏನೂ ಇರಲಿಲ್ಲ. ಮೂರನೇ ದಿನ ಮಳೆ ಬಂತು. ಅರ್ಧ ಸಾಲು ಹುಟ್ಟಲೇ ಇಲ್ಲ. ನಮ್ಮ ತಂದೆ ಆಗಸ್ಟ್‌ನಲ್ಲಿ ಮತ್ತೆ ಬಿತ್ತಬೇಕಾಯಿತು.

ಹೊದಿಕೆ ಇಲ್ಲದೆ ಉಳುಮೆ ಮಾತ್ರ ಬಿಟ್ಟರೆ ನಮ್ಮ ಮಣ್ಣು ಕೆಡುತ್ತದೆ, ಸುಧಾರಿಸುವುದಿಲ್ಲ. ಮಳೆ ಹನಿ ನೇರ ಮಣ್ಣಿಗೆ ಬಡಿದು ಹೆಂಟೆ ಒಡೆಯುತ್ತದೆ, ಆ ನುಣುಪು ಮಣ್ಣು ಸಂದುಗಳನ್ನೆಲ್ಲ ಮುಚ್ಚುತ್ತದೆ, ನೀರು ಮೇಲೆಯೇ ಹರಿದು ಹೋಗುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಎಕರೆಗೆ 25 ಮಿ.ಮೀ. ಮಳೆ ಅಂದರೆ ಒಂದು ಲಕ್ಷ ಲೀಟರ್ ನೀರು. ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ ಬೀಳುವ ನಮಗೆ ಅಂಥ ಒಂದು ಮಳೆ ಹರಿದು ಹೋದರೂ ದೊಡ್ಡ ನಷ್ಟ.

ಈಗ ಬೆಂಕಿ ವಿಷಯ. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 400 ಕೆಜಿ ಇಂಗಾಲ, 5ರಿಂದ 6 ಕೆಜಿ ಸಾರಜನಕ ಇರುತ್ತದೆ. ಜೋಳದ ದಂಟಿನ ಕಥೆಯೂ ಹೆಚ್ಚು ಕಮ್ಮಿ ಹೀಗೇ. ಸುಟ್ಟರೆ ಇಂಗಾಲ ಹೆಚ್ಚೂ ಕಡಿಮೆ ಪೂರ್ತಿ, ಸಾರಜನಕ ಬಹುಪಾಲು ಹೊಗೆಯಲ್ಲಿ ಹೋಗುತ್ತದೆ. ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತದೆ ನಿಜ, ಅದನ್ನೂ ಗಾಳಿ ಒಯ್ಯುತ್ತದೆ. ನಿಮ್ಮ ಮಣ್ಣಲ್ಲಿ ಇಂಗಾಲ 0.32. 0.5ಕ್ಕಿಂತ ಕೆಳಗಿದ್ದರೆ ಕಡಿಮೆ ಅಂತಲೇ ಲೆಕ್ಕ. ಇರುವುದನ್ನೂ ಸುಡುವುದು ನನಗಂತೂ ಸಂಕಟದ ವಿಷಯ.

ದಂಟನ್ನು ಕತ್ತರಿಸಿ ಹೊಲಕ್ಕೇ ಹರಡಿಸಿ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ದಂಟು ಕತ್ತರಿಸುವ ಶ್ರೆಡ್ಡರ್ ಬಾಡಿಗೆಗೆ ಸಿಗುತ್ತದಾ ಕೇಳಿ. ಮುಂಗಾರಿಗೆ ಮುಂಚೆ ಮಳೆ ಬಿದ್ದು ಹದ ಬಂದಾಗ ಇಳಿಜಾರಿಗೆ ಅಡ್ಡವಾಗಿ ಒಂದು ಸಲ ಕಲ್ಟಿವೇಟರ್, ಬಿತ್ತನೆಗೆ ಮುಂಚೆ ಕುಂಟೆ. ಅಷ್ಟು ಸಾಕು. ಆಮೇಲೆ ಕೂರಿಗೆಯಲ್ಲಿ ಬಿತ್ತಿ.

ನಿಮ್ಮ ಮಣ್ಣಿನ ಸ್ಥಿತಿ ನೀವೇ ನೋಡೋಕೆ, ಹೊಲದಿಂದ ಒಂದು ಒಣ ಹೆಂಟೆ, ಬದುವಿನ ಹೊಂಗೆ ಮರದ ಬುಡದಿಂದ ಒಂದು ಒಣ ಹೆಂಟೆ ತನ್ನಿ. ನಿಂಬೆಹಣ್ಣಿನ ಗಾತ್ರ ಸಾಕು. ಎರಡು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಡಿ. ಹಾಗೇ ಒಂದು ಕಬ್ಬಿಣದ ಸರಳು ತಗೊಂಡು, ಮಳೆ ಬಿದ್ದ ಮರುದಿನ ಹೊಲದ ಹತ್ತು ಕಡೆ ಚುಚ್ಚಿ ನೋಡಿ. ಏನಾಯಿತು ಅಂತ ಇಲ್ಲೇ ಬರೆಯಿರಿ.

ಪ್ರಶ್ನೆ (ಕೋಲಾರ ಕಡೆಯಿಂದ):
ಮೇಡಂ, ನಾನು ಹೋದ ವರ್ಷ ಸುಡದೇ, ಜೋಳದ ದಂಟನ್ನು ರೋಟವೇಟರ್‌ನಲ್ಲಿ ಮಣ್ಣಿಗೆ ಸೇರಿಸಿ ವಾರಕ್ಕೇ ರಾಗಿ ಬಿತ್ತಿದೆ. ಪೈರೆಲ್ಲ ಹಳದಿ ಆಯಿತು. ದಂಟು ವಿಷ ಅಂತಾರೆ ಊರಲ್ಲಿ. ನಿಜವಾ?

ಉತ್ತರ:
ವಿಷ ಅಲ್ಲ, ಅದು ಸಾರಜನಕದ ಹಸಿವು. ದಂಟಿನಲ್ಲಿ ಇಂಗಾಲ ಜಾಸ್ತಿ, ಸಾರಜನಕ ತೀರಾ ಕಮ್ಮಿ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಬೇಕೇ ಬೇಕು. ದಂಟಿನಲ್ಲಿ ಸಿಗದಿದ್ದರೆ ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಆಗ ಪೈರಿಗೆ ಉಳಿಯುವುದಿಲ್ಲ. ಕೊಳೆತು ಮುಗಿದ ಮೇಲೆ ಅದೇ ಸಾರಜನಕ ವಾಪಸ್ ಬರುತ್ತದೆ, ಅಷ್ಟರಲ್ಲಿ ರಾಗಿ ಸೊರಗಿರುತ್ತದೆ.

ಹಸಿ ಮಣ್ಣಿಗೆ ದಂಟು ಸೇರಿಸಿ ಬಿತ್ತನೆಗೆ ಕನಿಷ್ಠ ಒಂದು ತಿಂಗಳಾದರೂ ಬಿಡಿ. ಕೊಟ್ಟಿಗೆ ಗೊಬ್ಬರ ಇದ್ದರೆ ಜೊತೆಗೇ ಹಾಕಿ. ದಂಟು ಮಣ್ಣಿನ ಮೇಲೇ ಇದ್ದರೆ ಈ ತೊಂದರೆ ಕಮ್ಮಿ, ಯಾಕೆಂದರೆ ನಿಧಾನಕ್ಕೆ ಕೊಳೆಯುತ್ತದೆ. ಅವರೆ, ಅಲಸಂದೆ, ಅಪ್ಸೆಣಬಿನ ಸೊಪ್ಪು ಹಾಕಿದರೆ ಹಳದಿ ಆಗುವುದಿಲ್ಲ, ಅದರಲ್ಲೇ ಸಾರಜನಕ ಇದೆ.

ಒಂದು ಎಚ್ಚರ: ಜೋಳದ ಮೇಲೆ ಮತ್ತೆ ಜೋಳವನ್ನೇ ಹಾಕುವುದಾದರೆ ಉಳುಮೆ ಬಿಡಬೇಡಿ. 2018ರಲ್ಲಿ ಬಂದ ಸೈನಿಕ ಹುಳು ಮಣ್ಣಲ್ಲಿ ಎರಡರಿಂದ ಎಂಟು ಸೆಂಟಿಮೀಟರ್ ಆಳದಲ್ಲಿ ಕೋಶ ಕಟ್ಟುತ್ತದೆ. ಉಳುಮೆ ಮಾಡಿದರೆ ಅದು ಮೇಲೆ ಬಂದು ಬಿಸಿಲಿಗೆ, ಹಕ್ಕಿಗೆ ಸಿಗುತ್ತದೆ.

ಪ್ರಶ್ನೆ (ಶಿರಾ ಕಡೆಯಿಂದ):
ಅಕ್ಕಾ, ನಮ್ಮದು ಶೇಂಗಾ ಮತ್ತೆ ರಾಗಿ. ಶೇಂಗಾ ಬೇರುಸಮೇತ ಕೀಳ್ತೀವಿ, ಬಳ್ಳಿ ದನಕ್ಕೆ. ರಾಗಿ ಹುಲ್ಲೂ ಮೆದೆಗೆ ಹೋಗುತ್ತೆ. ಹೊಲಕ್ಕೆ ಹೊದಿಸೋಕೆ ಏನಿದೆ?

ಉತ್ತರ:
ನಿಮ್ಮ ಮಾತು ಸರಿ. ದನದ ಬಾಯಿಂದ ಹುಲ್ಲು ಕಿತ್ತು ಹೊಲಕ್ಕೆ ಹಾಕಿ ಅಂತ ನಾನು ಯಾರಿಗೂ ಹೇಳಲಾರೆ. ಆದರೆ ಹುಲ್ಲು ಹೋದ ದಾರಿಯಲ್ಲೇ ಸಗಣಿ ವಾಪಸ್ ಬರಬೇಕು. ಎಷ್ಟೋ ಮನೆಗಳಲ್ಲಿ ತಿಪ್ಪೆ ವರ್ಷವಿಡೀ ಬಿಸಿಲು ಮಳೆಗೆ ಬಿದ್ದಿರುತ್ತದೆ. ಸಾರ ಹಾರಿಹೋಗಿ, ತೊಳೆದುಹೋಗಿ, ಬರೀ ಮಣ್ಣು ಗಾಡಿಗೆ ತುಂಬುತ್ತೀವಿ. ನೆರಳಲ್ಲಿ ಗುಂಡಿ ಮಾಡಿ, ಮೇಲೆ ಮಣ್ಣು ಮೆತ್ತಿ.

ರಾಗಿ ಕೊಯ್ಯುವಾಗ ಅರ್ಧ ಗೇಣು ಕೂಳೆ ಬಿಡಿ, ಬೇಸಿಗೆಯಲ್ಲಿ ಕೀಳಬೇಡಿ. ಅಕ್ಕಡಿ ಸಾಲಿಗೆ, ಅಂದರೆ ರಾಗಿ ನಡುವೆ ಬಿಡುವ ಬೇರೆ ಬೆಳೆಯ ಸಾಲಿಗೆ, ಅವರೆ, ತೊಗರಿ ಹಾಕಿ. ಈಗಿನವರು ಕಳೆ ತೆಗೆಯೋಕೆ ತೊಂದರೆ ಅಂತ ಅಕ್ಕಡಿ ಬಿಡುತ್ತಿದ್ದಾರೆ, ನನಗೆ ಬೇಜಾರು. ರಾಗಿ ಕೊಯ್ದ ಮೇಲೂ ತೊಗರಿ ನಿಂತಿರುತ್ತದೆ, ಎಲೆ ಉದುರಿಸುತ್ತದೆ, ಬೇರು ಆಳಕ್ಕೆ ಇಳಿಯುತ್ತದೆ. ಶೇಂಗಾದಲ್ಲೂ ತೊಗರಿ ಸಾಲು ಇಡಿ. ಬದುವಿಗೆ ಗೊಬ್ಬರದ ಗಿಡ, ಅದೇ ಗ್ಲಿರಿಸಿಡಿಯ, ಕಡ್ಡಿ ನೆಟ್ಟರೆ ಎರಡನೇ ವರ್ಷದಿಂದ ಸೊಪ್ಪು ಕಡಿದು ಸಾಲಿನ ಮಧ್ಯೆ ಹಾಕಬಹುದು. ಹಿಂಗಾರು ಮಳೆ ಚೆನ್ನಾಗಿದ್ದು ಹೊಲ ಖಾಲಿ ಇದ್ದರೆ ಹುರುಳಿ ಚೆಲ್ಲಿ. ನೆಲ ಮುಚ್ಚಿರಬೇಕು, ಅಷ್ಟೇ.

ಗೌರಿಬಿದನೂರಿನವರು ಮತ್ತೆ:
ಮೇಡಂ, ನೀವು ಹೇಳಿದ ಹಾಗೆ ಮಾಡಿದೆ. ಹೊಲದ ಹೆಂಟೆ ನೀರಿಗೆ ಬಿಟ್ಟ ಕೂಡಲೇ ಗುಳ್ಳೆ ಬಿಟ್ಟು ಎರಡು ನಿಮಿಷದಲ್ಲಿ ಕೆಸರಾಯಿತು. ಹೊಂಗೆ ಬುಡದ್ದು ಅರ್ಧ ಗಂಟೆ ಆದರೂ ಹಾಗೇ ಇತ್ತು, ನೀರೂ ತಿಳಿ. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಸರಳು ಎಲ್ಲಾ ಕಡೆ ಅರ್ಧ ಗೇಣಿಗೇ ನಿಂತಿತು. ಇಂಗಾಲ 0.5ಕ್ಕೆ ಬರೋಕೆ ಎಷ್ಟು ವರ್ಷ ಬೇಕು?

ಉತ್ತರ:
ಎರಡೂ ಒಂದೇ ಊರಿನ, ಒಂದೇ ಹೊಲದ ಮಣ್ಣು ಅಣ್ಣ. ಒಂದನ್ನು ಎಲೆ, ಬೇರು, ಎರೆಹುಳು ಸೇರಿ ಅಂಟಿಸಿ ಹಿಡಿದಿವೆ. ಇನ್ನೊಂದನ್ನು ನಾವು ಪ್ರತಿ ವರ್ಷ ಪುಡಿ ಮಾಡಿ, ಸುಟ್ಟು, ಬಿಸಿಲಿಗೆ ಬಿಟ್ಟಿದ್ದೇವೆ.

ವರ್ಷದ ಲೆಕ್ಕ ನೇರವಾಗಿ ಹೇಳುತ್ತೇನೆ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 900 ಟನ್. ಅದರಲ್ಲಿ ಇಂಗಾಲ ಶೇ. 0.1 ಏರಬೇಕಾದರೆ 900 ಕೆಜಿ ಇಂಗಾಲ ಮಣ್ಣಲ್ಲಿ ನಿಲ್ಲಬೇಕು. ಹಾಕಿದ ದಂಟಿನ ಇಂಗಾಲದಲ್ಲಿ ಹೆಚ್ಚಿನ ಪಾಲು ಕೊಳೆಯುವಾಗ ಗಾಳಿಗೆ ಹೋಗಿ, ಸ್ವಲ್ಪವೇ ಉಳಿಯುತ್ತದೆ. ಅಂದರೆ ಹತ್ತು ಟನ್‌ಗಿಂತ ಜಾಸ್ತಿ ದಂಟು, ಸೊಪ್ಪು ಬೇಕು. ಒಂದೆರಡು ವರ್ಷದಲ್ಲಿ ಆಗುವ ಕೆಲಸ ಅಲ್ಲ. ಆದರೆ ಲೋಟದ ಪರೀಕ್ಷೆಯಲ್ಲಿ ವ್ಯತ್ಯಾಸ ಅದಕ್ಕಿಂತ ಬೇಗ ಕಾಣುತ್ತದೆ. ಮಣ್ಣು ಪರೀಕ್ಷೆ ಕಾರ್ಡಿನ ಅಂಕಿ ನೋಡಿ ಬೇಸರ ಮಾಡಿಕೊಳ್ಳಬೇಡಿ.

ಸರಳು ಅರ್ಧ ಗೇಣಿಗೆ ನಿಂತಿದ್ದು ರೋಟವೇಟರ್ ಮಾಡಿದ ಗಟ್ಟಿ ಪದರ. ಪ್ರತಿ ಸಲ ಅಷ್ಟೇ ಆಳಕ್ಕೆ ಬ್ಲೇಡು ತಿರುಗಿ, ಕೆಳಗಿನ ಮಣ್ಣು ನೆಲ ಬಡಿದ ಹಾಗೆ ಆಗಿದೆ. ಬೆಳೆ ಕೊಯ್ದ ಮೇಲೆ ಮಣ್ಣು ಒಣಗಿದಾಗ ಒಂದೇ ಒಂದು ಸಲ, ಮಣ್ಣನ್ನು ಆಳಕ್ಕೆ ಸೀಳುವ ಚಿಸೆಲ್ ನೇಗಿಲು ಹೊಡೆಸಿ. ಹಸಿಯಲ್ಲಿ ಬೇಡ, ಒಡೆಯುವುದಿಲ್ಲ, ಇನ್ನೂ ಮೆತ್ತಿಕೊಳ್ಳುತ್ತದೆ. ಮುಂದಿನ ಬೆಳೆಯಲ್ಲಿ ತೊಗರಿ ಸಾಲು ಇರಲಿ, ಸೀಳಿದ ಜಾಗಕ್ಕೆ ಅದರ ಬೇರು ಇಳಿಯುತ್ತದೆ. ಮೂರು ಎಕರೆಗೂ ಒಟ್ಟಿಗೆ ಕೈ ಹಾಕಬೇಡಿ. ಅರ್ಧ ಎಕರೆಯಲ್ಲಿ ಶುರು ಮಾಡಿ, ಪಕ್ಕದ ಅರ್ಧ ಎಕರೆ ಹಳೇ ಪದ್ಧತಿಯಲ್ಲೇ ಇರಲಿ. ಸುಡುವುದೊಂದು ಬಿಟ್ಟು. ಮುಂದಿನ ಸಂಕ್ರಾಂತಿ ಹೊತ್ತಿಗೆ ಎರಡೂ ಕಡೆಯ ಹೆಂಟೆ ಲೋಟಕ್ಕೆ ಬಿಟ್ಟು ಫೋಟೊ ಹಾಕಿ, ನಾನು ಕಾಯುತ್ತಿರುತ್ತೇನೆ.