ತಮ್ಮನ ವಿಷಯ ಕೇಳಿದ್ದಕ್ಕೆ ದೊಡ್ಡಪ್ಪನ ಉತ್ತರ

ಮಗಳೇ, ಹೊಸ ಹುದ್ದೆಗೆ ಸೇರಿದಾಗಿನಿಂದ ತಮ್ಮ ಸರಿಯಾಗಿ ನಿದ್ದೆ ಮಾಡುತ್ತಿಲ್ಲ, ಸಣ್ಣ ಮಾತಿಗೂ ಸಿಡುಕುತ್ತಾನೆ, ಇದಕ್ಕಿಂತ ದೊಡ್ಡ ಕಷ್ಟವನ್ನು ಅಕ್ಕ ದಾಟಿದಳಲ್ಲ, ಇವನಿಗೇಕೆ ಆಗುತ್ತಿಲ್ಲ ಎಂದು ನೀನು ಬೆಳಿಗ್ಗೆ ಗುಂಪಿನಲ್ಲಿ ಕೇಳಿದ್ದನ್ನು ಈಗ ನೋಡಿದೆ. ಇಷ್ಟೆಲ್ಲ ಟೈಪ್ ಮಾಡುವ ತಾಳ್ಮೆ ನನ್ನ ಬೆರಳುಗಳಿಗಿಲ್ಲ, ಬಾಯಲ್ಲೇ ಹೇಳುತ್ತೇನೆ. ಏನಾದರೂ ಹೇಳಿಕೊಳ್ಳುವುದೆಂದರೆ ನಮ್ಮ ಮನೆಯ ಗಂಡಸರಿಗೆ ಎಷ್ಟು ಕಷ್ಟವೆಂದು ನಿಮಗೆಲ್ಲ ಗೊತ್ತೇ ಇದೆ.

ನಾನು ಲೆಕ್ಕಪತ್ರ ವಿಭಾಗದಲ್ಲಿದ್ದಾಗಿನ ಆ ವರ್ಷ ನೆನಪಿದೆಯಲ್ಲ? ವರ್ಷಾಂತ್ಯದ ಲೆಕ್ಕ ಮುಗಿಸುವ ಹೊತ್ತಿಗೆ ಸರಿಯಾಗಿ ನಮ್ಮಣ್ಣ ಆಸ್ಪತ್ರೆ ಸೇರಿದರು. ನಮ್ಮ ದೊಡ್ಡವಳ ಮದುವೆ ನಿಶ್ಚಯವಾಗಿದ್ದುದೂ ಅದೇ ತಿಂಗಳಿಗೆ. ಹಗಲೆಲ್ಲ ಕಚೇರಿ, ರಾತ್ರಿಯೆಲ್ಲ ಆಸ್ಪತ್ರೆಯ ಬೆಂಚು. ಯಾರು ಕೇಳಿದರೂ ಚೆನ್ನಾಗಿದ್ದೇನೆ ಎನ್ನುತ್ತಿದ್ದೆ, ನಾನೂ ಹಾಗೆಯೇ ನಂಬಿದ್ದೆ. 11ನೆಯ ದಿನ ಒಂದೇ ಪುಟದ ಮೊತ್ತವನ್ನು 4 ಸಲ ಕೂಡಿದೆ, 4 ಸಲವೂ ಬೇರೆ ಬೇರೆ ಉತ್ತರ ಬಂತು. 22 ವರ್ಷ ಅದೇ ಕೆಲಸ ಮಾಡಿದವನು ನಾನು! ಮತ್ತೊಮ್ಮೆ ಪೆನ್ನು ಹಿಡಿಯಹೋದರೆ ಕೈ ನಡುಗಿತು. ಎದ್ದು ಹೋಗಿ ಮೆಟ್ಟಿಲ ಮೇಲೆ ಕುಳಿತೆ. ಯಾವ ಮಹಡಿಯಲ್ಲಿದ್ದೇನೆ ಎಂಬುದೂ ಸ್ವಲ್ಪ ಹೊತ್ತು ಹೊಳೆಯಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ನಿದ್ದೆಯನ್ನು ಒತ್ತೆಯಿಟ್ಟು ಯಾವ ಕಷ್ಟವನ್ನೂ ದಾಟಲು ಹೋಗಬೇಡಿ.

ಆಗ ನನ್ನನ್ನು ನೋಡಿದ ವೈದ್ಯರು ಬಿಡಿಸಿ ಹೇಳಿದ್ದು ಇಂದಿಗೂ ಮರೆತಿಲ್ಲ. ಅಪಾಯ ಕಂಡೊಡನೆ ದೇಹದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಹರಿಯುತ್ತದೆ, ಕೆಲವು ನಿಮಿಷಗಳಲ್ಲಿ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಏರುತ್ತದೆ, ಎದೆ ಬಡಿತ ಹೆಚ್ಚುತ್ತದೆ. ಓಡುವುದಕ್ಕೋ ಹೊಡೆದಾಡುವುದಕ್ಕೋ ಇದು ಒಳ್ಳೆಯ ಏರ್ಪಾಟು. ಆದರೆ ಲೆಕ್ಕ ಕೂಡಲು, ಹಿಂದುಮುಂದು ತೂಗಿ ನೋಡಲು ಬೇಕಾದ, ಹಣೆಯ ಹಿಂದಿರುವ ಮಿದುಳಿನ ಭಾಗ ಅದೇ ಹೊತ್ತಿನಲ್ಲಿ ಮಂಕಾಗುತ್ತದೆ. ನಿದ್ದೆಯೂ ಇಲ್ಲದಿದ್ದರೆ ಇನ್ನಷ್ಟು ಮಂಕು. ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳ ಮೇಲೆ ಪ್ರಯೋಗ ಮಾಡಿ 1936ರಲ್ಲೇ ಬರೆದಿದ್ದಾರಂತೆ: ದೇಹ ಮೊದಲು ಬೆಚ್ಚುತ್ತದೆ, ಆಮೇಲೆ ಹೊಂದಿಕೊಂಡು ತಡೆಯುತ್ತದೆ, ಒತ್ತಡ ಬಿಡದೆ ಮುಂದುವರಿದರೆ ಕೊನೆಗೆ ಬಸವಳಿಯುತ್ತದೆ. ನಾನು ಚೆನ್ನಾಗಿದ್ದೇನೆ ಎನ್ನುತ್ತಿದ್ದುದು ಆ ನಡುವಿನ ಘಟ್ಟದಲ್ಲಿ.

ಇನ್ನೊಂದು ಮಾತು. ಹೊಸ ಹುದ್ದೆ ಸಿಕ್ಕಿದ್ದು ಸಂತೋಷದ ವಿಷಯವಲ್ಲವೇ ಎಂದು ಅವನ ಬಾಯಿ ಮುಚ್ಚಿಸಬೇಡಿ. ಹೋಮ್ಸ್ ಮತ್ತು ರಾಹೆ ಎಂಬ ಮನೋವೈದ್ಯರು 1967ರಲ್ಲಿ ಬದುಕಿನ 43 ಘಟನೆಗಳಿಗೆ, ಯಾವುದು ಎಷ್ಟು ಒತ್ತಡ ತರುತ್ತದೆಂದು ಅಂಕ ಕೊಟ್ಟು ಪಟ್ಟಿ ಮಾಡಿದಾಗ ಸಂಗಾತಿಯ ಸಾವಿಗೆ 100 ಬಂದರೆ, ಮದುವೆಯಂಥ ಶುಭಕಾರ್ಯಕ್ಕೂ 50 ಬಂದಿತ್ತು. ಅಕ್ಕನನ್ನೂ ಅವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಂತೂ ಸರಿಯಲ್ಲ. ಅವಳ ಕಷ್ಟ ಎಂದು ಮುಗಿಯುತ್ತದೆಂದು ಅವಳಿಗೆ ಗೊತ್ತಿತ್ತು, ಪಕ್ಕದಲ್ಲಿ ಇಬ್ಬರು ನಿಂತಿದ್ದರು. ಇವನಿಗೆ ಮೇಲಧಿಕಾರಿಯ ಕರೆ ಯಾವ ಹೊತ್ತಿಗೆ ಬರುತ್ತದೆಂದೇ ತಿಳಿಯದು. ಬಂದದ್ದನ್ನು ನಿಭಾಯಿಸಲು ತನ್ನ ಕೈಯಲ್ಲಿ ಏನೂ ಇಲ್ಲವೆಂದು ಒಮ್ಮೆ ಅನ್ನಿಸಿಬಿಟ್ಟರೆ ಸಣ್ಣ ಹೊರೆಯೂ ಬೆಟ್ಟವಾಗುತ್ತದೆ.

ಪಕ್ಕದಲ್ಲಿ ನಿಲ್ಲುವವರೆಂದಾಗ ನೆನಪಾಯಿತು. ಆ ರಾತ್ರಿಗಳಲ್ಲಿ ಒಂದಾದರೂ ರಾತ್ರಿ ಆ ಬೆಂಚಿನ ಮೇಲೆ ಬಂದು ಕುಳಿತವರು ಈ ಗುಂಪಿನಲ್ಲಿ ಎಷ್ಟು ಮಂದಿ ಇದ್ದೀರಿ? ಧೈರ್ಯವಾಗಿರಿ ಎಂದವರಿಗೆ ಲೆಕ್ಕವಿಲ್ಲ. ನೀವು ಹೋಗಿ ಮಲಗಿ, ಇಂದು ನಾನಿರುತ್ತೇನೆ ಎಂದವರು ಒಬ್ಬರೂ ಇಲ್ಲ. ನಾನು ಹೆಸರು ಹೇಳುವುದಿಲ್ಲ. ದಿನವೂ ತಪ್ಪದೆ ಹೂವಿನ ಚಿತ್ರದೊಡನೆ ಶುಭೋದಯ ಕಳುಹಿಸುವವರಿಗೆ ಅರ್ಥವಾದರೆ ಸಾಕು. ಎಲ್ಲರಿಗೂ ಬರುವ ಕಷ್ಟವೇ ತಾನೆ ಎಂಬ ಮಾತನ್ನು ಅಂದು ನನಗೆ ಹೇಳಿದವರು ಇಂದು ಅವನಿಗೂ ಹೇಳಿರುತ್ತಾರೆಂಬುದರಲ್ಲಿ ನನಗೆ ಸಂಶಯವಿಲ್ಲ. ಹಾಗೆ ಹೇಳಿಸಿಕೊಂಡವನು ಮತ್ತೆ ಬಾಯಿ ಬಿಡುವುದಿಲ್ಲ. ರಾತ್ರಿಯೆಲ್ಲ ಒಬ್ಬನೇ ಎದ್ದು ಕೂರುತ್ತಾನೆ. ಮತ್ತೊಮ್ಮೆ ಹೇಳುತ್ತೇನೆ, ನಿದ್ದೆಯನ್ನು ಒತ್ತೆಯಿಡಲು ಅವನನ್ನು ಬಿಡಬೇಡಿ.

ಅಯ್ಯೋ, ಏನು ಮಾಡಬೇಕೆಂಬುದನ್ನೇ ಹೇಳದೆ ಎಲ್ಲೋ ಹೋದೆ. ಇಂದು ರಾತ್ರಿ ಅವನಿಗೆ ಬುದ್ಧಿ ಹೇಳಲು ಹೋಗಬೇಡ, ಅವನು ಮಾಡಬೇಕಾದ ಮನೆಗೆಲಸದಲ್ಲಿ ಯಾವುದಾದರೂ ಒಂದನ್ನು ನೀನೇ ಮಾಡಿಬಿಡು. ಮಲಗುವಾಗ ಫೋನು ಬೇರೆ ಕೋಣೆಯಲ್ಲಿರಲಿ. ಎದೆ ಹೊಡೆದುಕೊಂಡರೆ, ಉಸಿರು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಲಿ. ಕೆಲವು ನಿಮಿಷ ಹಾಗೆ ಮಾಡಿದರೆ ಬಡಿತ ಇಳಿಯುತ್ತದೆ. ನಾಳೆ ಒಂದು ಹಾಳೆಯಲ್ಲಿ, ತನ್ನ ಕೈಯಲ್ಲಿರುವುದನ್ನು ಒಂದು ಕಡೆ, ಇಲ್ಲದ್ದನ್ನು ಇನ್ನೊಂದು ಕಡೆ ಬರೆಯಲಿ. ಎರಡು ವಾರವಾದರೂ ನಿದ್ದೆ ಮರಳದಿದ್ದರೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗು. ಬದುಕೇ ಬೇಡವೆಂಬಂಥ ಮಾತು ಬಂದರೆ ಎರಡು ವಾರ ಕಾಯುವುದಲ್ಲ, ಆ ಗಳಿಗೆಯಲ್ಲೇ ಹೊರಡಬೇಕು, ಅವನನ್ನು ಒಂಟಿಯಾಗಿ ಬಿಡಬಾರದು.

ಅವನು ಈ ಗುಂಪಿನಲ್ಲಿಲ್ಲ, ಅದೇ ಪುಣ್ಯ. ಇದನ್ನು ಯಾರೂ ಅವನಿಗೆ ಕಳುಹಿಸಬೇಡಿ. ಭಾನುವಾರ ನಾನೇ ಬಂದು ಅವನ ಜೊತೆ ಕೂರುತ್ತೇನೆ.